ನಿತ್ಯದ ಅನ್ನ, ಒಂದೇ ಪಾತ್ರೆ

ಉಪಾಸನೆಯೆಂದರೆ ವಾರಕ್ಕೊಮ್ಮೆ ದೇವಮಂದಿರಕ್ಕೆ ಹೋಗಿ, ನಿಯಮದಂತೆ ಪ್ರಾರ್ಥನೆಯನ್ನೊಪ್ಪಿಸಿ, ಮನೆಗೆ ಹಿಂದಿರುಗುವ ಕ್ರಿಯೆ ಮಾತ್ರವೆ? ಬೆಳಗ್ಗೆ ಒಲೆ ಹೊತ್ತಿಸುವ ಕೈಗೂ, ಕೆಸರುಗದ್ದೆಯಲ್ಲಿ ನಾಟಿಗೆ ಬಾಗುವ ಬೆನ್ನಿಗೂ, ನೆರೆಯವರೊಡನೆ ಆಡುವ ಮಾತಿಗೂ ಅದರ ಸಂಬಂಧವಿಲ್ಲವೆ? ಶ್ರದ್ಧಾವಂತರಾದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆಯಿದು. ಕ್ರೈಸ್ತಧರ್ಮದ ಲೂಥರನ್ ಶಾಖೆಯವರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೂ, ಆ ಉತ್ತರದಂತೆ ಬಾಳಲು ಅವರು ಪಟ್ಟ ಪಾಡೂ ಅನ್ಯಧರ್ಮೀಯರಿಗೂ ವಿಚಾರಾರ್ಹವಾಗಿವೆ.

ಜರ್ಮನಿಯ ವಿಟೆನ್‌ಬರ್ಗ್ ನಗರದಲ್ಲಿ ಸಂನ್ಯಾಸಿಯೂ ಪ್ರಾಧ್ಯಾಪಕರೂ ಆಗಿದ್ದ ಮಾರ್ಟಿನ್ ಲೂಥರರು 1517ರಲ್ಲಿ ಪಾಪವಿಮೋಚನ ಪತ್ರಗಳ ಮಾರಾಟವನ್ನು ಪ್ರಶ್ನಿಸಿ 95 ಸೂತ್ರಗಳನ್ನು ಹೊರಡಿಸಿದ ಸಂಗತಿ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೆ. ದೇವರ ಕೃಪೆ ಹಣಕ್ಕೆ ದೊರೆಯುವುದಲ್ಲ, ಪುಣ್ಯಕಾರ್ಯಗಳ ಲೆಕ್ಕಕ್ಕೂ ದೊರೆಯುವುದಲ್ಲ. ನಂಬಿದವರಿಗೆ ಅದು ಉಚಿತವಾದ ದಾನವೆಂಬುದೇ ಅವರ ಬೋಧೆಯ ಸಾರ. ಆದರೆ ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಸಂಗತಿಯಿದೆ. 1528ರಲ್ಲಿ ಸ್ಯಾಕ್ಸನಿ ಪ್ರಾಂತದ ಹಳ್ಳಿಗಳ ಸಭೆಗಳನ್ನು ಸಂದರ್ಶಿಸಿದಾಗ ಲೂಥರರಿಗೆ ಕಂಡದ್ದು ದಾರುಣವಾದ ಅಜ್ಞಾನ. ಸಾಮಾನ್ಯ ಜನರಿಗೆ ತಮ್ಮ ಧರ್ಮದ ಮೊದಲ ಪಾಠಗಳೇ ತಿಳಿದಿರಲಿಲ್ಲ. ಕಲಿಸಬೇಕಾಗಿದ್ದ ಅನೇಕ ಸಭಾಪಾಲಕರಿಗೆ ಕಲಿಸುವ ಶಕ್ತಿಯಿರಲಿಲ್ಲ. ಸುಧಾರಣೆಯ ಘೋಷ ನಗರಗಳಲ್ಲಿ ಮೊಳಗುತ್ತಿದ್ದರೂ ಹಳ್ಳಿಯ ಅಡುಗೆಮನೆಯನ್ನು ಅದು ಮುಟ್ಟಿರಲಿಲ್ಲ.

ಆ ವ್ಯಥೆಯ ಫಲವೇ 1529ರಲ್ಲಿ ಪ್ರಕಟವಾದ 'ಚಿಕ್ಕ ಪ್ರಶ್ನೋತ್ತರ'ವೆಂಬ ಕಿರುಹೊತ್ತಗೆ. ದಶಾಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪವಿತ್ರ ಭೋಜನ ಮುಂತಾದ ವಿಷಯಗಳನ್ನು ಮಕ್ಕಳಿಗೂ ತಿಳಿಯುವಂತೆ ಅದು ವಿವರಿಸುತ್ತದೆ. ಅದರ ವೈಶಿಷ್ಟ್ಯವಿರುವುದು ಒಂದು ಸಣ್ಣ ಸೂಚನೆಯಲ್ಲಿ. ಈ ಪಾಠಗಳನ್ನು ಕಲಿಸಬೇಕಾದವರು ಪಂಡಿತರಲ್ಲ. ಮನೆಯ ಯಜಮಾನರು, ತಮ್ಮ ಮಕ್ಕಳಿಗೆ ಮತ್ತು ಆಳುಕಾಳುಗಳಿಗೆ. ಬೆಳಗ್ಗೆ ಏಳುವಾಗ, ಉಣ್ಣಲು ಕೂರುವಾಗ, ರಾತ್ರಿ ಮಲಗುವಾಗ ಮಾಡಬೇಕಾದ ಕಿರುಪ್ರಾರ್ಥನೆಗಳೂ ಅದರಲ್ಲಿವೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಒಂದು ಹಾಡನ್ನು ಹಾಡಿ ಹರ್ಷದಿಂದ ಕೆಲಸಕ್ಕೆ ಹೊರಡಬೇಕು. ರಾತ್ರಿಯ ಪ್ರಾರ್ಥನೆಯಾದೊಡನೆ ನಿಶ್ಚಿಂತೆಯಿಂದ ನಿದ್ರೆಹೋಗಬೇಕು. ಪ್ರಾರ್ಥನೆಗೂ ದುಡಿಮೆಗೂ ನಿದ್ರೆಗೂ ನಡುವೆ ಗೋಡೆಯಿಲ್ಲ.

ನಿತ್ಯದ ಅನ್ನವನ್ನು ಬೇಡುವ ಬಿನ್ನಹಕ್ಕೆ ಆ ಹೊತ್ತಗೆ ಕೊಡುವ ವ್ಯಾಖ್ಯಾನವೂ ಸ್ವಾರಸ್ಯಕರವಾಗಿದೆ. ಅನ್ನವೆಂದರೆ ಬರಿಯ ಊಟವಲ್ಲ. ಬಟ್ಟೆ, ಕಾಲಿನ ಪಾದರಕ್ಷೆ, ಮನೆ, ಹೊಲ, ದನಕರು, ಒಳ್ಳೆಯ ಹವೆ, ನ್ಯಾಯವಾದ ಆಡಳಿತ, ನಂಬಿಕೆಗೆ ಅರ್ಹರಾದ ನೆರೆಹೊರೆಯವರು—ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಕವಾಗಿವೆ. ಒಳ್ಳೆಯ ನೆರೆಯವನೂ ಅನ್ನದ ಲೆಕ್ಕಕ್ಕೆ ಸೇರಿದವನೆಂಬ ಈ ವಿಚಾರ ಎಷ್ಟು ಅರ್ಥಗರ್ಭಿತವಾದದ್ದು! ವಿವಾಹಜೀವನವನ್ನು ಕುರಿತು 1522ರಲ್ಲಿ ಬರೆದ ಪ್ರಬಂಧದಲ್ಲಿ ಲೂಥರರು ಮಗುವಿನ ಮೈಲಿಗೆ ಬಟ್ಟೆಯನ್ನು ಒಗೆಯುವ ತಂದೆಯ ಮಾತೆತ್ತಿದ್ದಾರೆ. ಲೋಕ ಅವನನ್ನು ಕಂಡು ಹಾಸ್ಯ ಮಾಡಬಹುದು. ಶ್ರದ್ಧೆಯಿಂದ ಮಾಡಿದ ಆ ಕೆಲಸವನ್ನು ಕಂಡು ದೇವರು ಸಂತೋಷಪಡುತ್ತಾನೆಂಬುದು ಅವರ ಅಭಿಪ್ರಾಯ. ಮಠದ ಸಂನ್ಯಾಸಿಯ ಜಪಕ್ಕಿಂತ ಗೃಹಸ್ಥನ ಕೆಲಸ ಕೀಳಲ್ಲವೆಂದು ಸ್ವತಃ ಸಂನ್ಯಾಸಿಯಾಗಿದ್ದವರೇ ಸಾರಿದರು.

ಅವರ ಇನ್ನೊಂದು ಸುಧಾರಣೆಯನ್ನು ಇಲ್ಲಿ ಮುಖ್ಯವಾಗಿ ನೆನೆಯಬೇಕು. ಯೇಸುವಿನ ಕೊನೆಯ ಭೋಜನದ ಸ್ಮರಣೆಯಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸುವುದೇ ಪವಿತ್ರ ಭೋಜನ. ರೊಟ್ಟಿ ರಸಗಳೊಡನೆ ಪ್ರಭುವೇ ನಿಜವಾಗಿ ತನ್ನನ್ನು ಕೊಟ್ಟುಕೊಳ್ಳುತ್ತಾನೆಂದು ಲೂಥರನ್ನರು ನಂಬುತ್ತಾರೆ. ಆ ಕಾಲದಲ್ಲಿ ಜನಸಾಮಾನ್ಯರಿಗೆ ರೊಟ್ಟಿ ಮಾತ್ರ ದೊರೆಯುತ್ತಿತ್ತು; ರಸದ ಪಾತ್ರೆ ಪುರೋಹಿತವರ್ಗಕ್ಕೆ ಮೀಸಲಾಗಿತ್ತು. ಈ ಭೇದ ಸಲ್ಲದೆಂದು ಲೂಥರರು ಪಾತ್ರೆಯನ್ನು ಎಲ್ಲರ ತುಟಿಗೂ ತಂದರು. ಹೀಗೆ ಆ ಪಾತ್ರೆ ಲೂಥರನ್ ಸಭೆಯಲ್ಲಿ ಸಮಾನತೆಯ ಚಿಹ್ನೆಯಾಯಿತು.

ಈ ಶ್ರದ್ಧೆ ಭಾರತದ ತೀರವನ್ನು ಮುಟ್ಟಿದ್ದು ಚೋಳಮಂಡಲದ ತರಂಗಂಬಾಡಿಯಲ್ಲಿ. 1620ರಿಂದ ಡೇನರ ವಶದಲ್ಲಿದ್ದ ಆ ಕಡಲೂರಿಗೆ 1706ರ ಜುಲೈ 9ರಂದು ಬಾರ್ತಲೋಮ್ಯೂಸ್ ಸೀಗನ್‌ಬಾಲ್ಗ್, ಹೈನ್ರಿಕ್ ಪ್ಲುಟ್ಶೌ ಎಂಬ ಇಬ್ಬರು ಜರ್ಮನ್ ತರುಣರು ಬಂದಿಳಿದರು. ಅವರನ್ನು ಕಳುಹಿಸಿದವರು ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್. ಸೀಗನ್‌ಬಾಲ್ಗರು ಸಣ್ಣ ಮಕ್ಕಳ ಜೊತೆಯಲ್ಲಿ ಕುಳಿತು ಮರಳಿನ ಮೇಲೆ ಬೆರಳಾಡಿಸಿ ತಮಿಳು ಅಕ್ಷರಗಳನ್ನು ಕಲಿತರು. ಬಂದ ಮರುವರ್ಷವೇ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಚಿಕ್ಕ ಪ್ರಶ್ನೋತ್ತರ ತಮಿಳಿಗೆ ಬಂದಿತು; 1715ರಲ್ಲಿ ಹೊಸ ಒಡಂಬಡಿಕೆ ತಮಿಳಿನಲ್ಲಿ ಅಚ್ಚಾಯಿತು. 1718ರಲ್ಲಿ 'ಹೊಸ ಯೆರೂಸಲೇಮ್' ದೇವಾಲಯ ಪ್ರತಿಷ್ಠೆಗೊಂಡಿತು. ಮರುವರ್ಷವೇ, ಮೂವತ್ತೇಳು ತುಂಬುವ ಮೊದಲೇ, ಸೀಗನ್‌ಬಾಲ್ಗರು ಕಾಲವಾಗಿ ಅಲ್ಲಿಯೇ ಸಮಾಧಿಸ್ಥರಾದರು. ಮುಂದೆ ಫೆಬ್ರಿಸಿಯಸರು ಜರ್ಮನ್ ಹಾಡುಗಳನ್ನು ತಮಿಳಿಗೆ ತಂದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ಸ್ವದೇಶದ ಧಾಟಿಯಲ್ಲೇ ಕೀರ್ತನೆಗಳನ್ನು ರಚಿಸಿದರು. ದೂರದ ಜರ್ಮನಿಯ ಮನೆಯ ಪ್ರಾರ್ಥನೆ ಕಾವೇರಿ ತೀರದ ಮನೆಯ ಪ್ರಾರ್ಥನೆಯಾಯಿತು.

ಆದರೆ ಸತ್ಯದ ಇನ್ನೊಂದು ಮುಖವನ್ನು ಮರೆಮಾಡಲಾಗದು. ದೀಕ್ಷಾಸ್ನಾನದ ನೀರು ಜಾತಿಯ ಗೆರೆಯನ್ನು ತೊಳೆಯಲಿಲ್ಲ. ದೇವಾಲಯದೊಳಗೆ ಮೇಲ್ಜಾತಿಯಿಂದ ಬಂದವರು ಒಂದು ಕಡೆ, ಅಸ್ಪೃಶ್ಯರೆನಿಸಿದ್ದವರು ಇನ್ನೊಂದು ಕಡೆ ಕುಳಿತರು. ಪಾತ್ರೆಯ ಮುಂದೆಯೂ ಮೊದಲಿಗರು ಕಡೆಯವರೆಂಬ ಭೇದ ಉಳಿಯಿತು. 1733ರಲ್ಲಿ ಆರೋನ್ ಎಂಬವರಿಗೆ ಗುರುಪದವಿ ದೊರೆತು, ಪ್ರಾಟೆಸ್ಟಂಟ್ ಸಭೆಯ ಮೊದಲ ಭಾರತೀಯ ಸಭಾಪಾಲಕರೆಂಬ ಕೀರ್ತಿ ಅವರದಾಯಿತು. ಅವರು ವೆಳ್ಳಾಳ ಕುಲದವರು. ಅದೇ ಕಾಲದಲ್ಲಿ ರಾಜನಾಯಕರೆಂಬ ಸಮರ್ಥ ಉಪದೇಶಿಗಳೊಬ್ಬರಿದ್ದರು. ಅವರ ಜನ್ಮ ಪರೈಯರ ಕುಲದಲ್ಲಿ. ಅವರ ಕೈಯಿಂದ ಪವಿತ್ರ ಭೋಜನವನ್ನು ಸ್ವೀಕರಿಸಲು ಮೇಲಿನವರು ಹಿಂಜರಿದಾರೆಂಬ ಅಳುಕಿನಿಂದ ಆ ಪದವಿ ಅವರಿಗೆ ದೊರೆಯದೆ ಹೋಯಿತು. ಮಧುರವಾದ ಕೀರ್ತನೆಗಳನ್ನು ಕಟ್ಟಿದ ವೇದನಾಯಗಂ ಶಾಸ್ತ್ರಿಗಳೇ ಎಲ್ಲರಿಗೂ ಒಂದೇ ಪಾತ್ರೆಯೆಂಬ ಕಟ್ಟಳೆಯನ್ನು ವಿರೋಧಿಸಿದವರಲ್ಲಿ ಪ್ರಮುಖರು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ನರು ಸಭೆಯಲ್ಲಿ ಜಾತಿಭೇದ ಕೂಡದೆಂದು ಆಜ್ಞಾಪಿಸಿದಾಗ ಅನೇಕರು ಸಭೆಯನ್ನೇ ತೊರೆದರು. ಅಂಥವರಲ್ಲಿ ಹಲವರು ಮುಂದೆ ಸೇರಿದ್ದು ಲೂಥರನ್ನರಾದ ಲೈಪ್ಸಿಗ್ ಮಿಷನ್ನಿನವರ ಆಶ್ರಯವನ್ನು. ಜಾತಿ ಆಜ್ಞೆಯಿಂದ ಅಳಿಯದು, ಬೋಧೆಯಿಂದ ಮೆಲ್ಲಮೆಲ್ಲನೆ ಕರಗಬೇಕೆಂಬುದು ಆ ಮಿಷನ್ನಿನವರ ನಿಲುವು. ಜರ್ಮನಿಯಲ್ಲಿ ಎಲ್ಲರ ತುಟಿಗೂ ಬಂದ ಪಾತ್ರೆ ತಮಿಳುನಾಡಿನಲ್ಲಿ ಸರತಿಯ ಪಾತ್ರೆಯಾದುದು ವಿಧಿಯ ವ್ಯಂಗ್ಯವಲ್ಲವೆ?

ಚರಿತ್ರೆಯ ಈ ಭಾರವನ್ನು ಹೊತ್ತು ಬಾಳುವವರು ಸಾಮಾನ್ಯ ಜನರು. ಕಾವೇರಿಯ ಬಯಲಿನ ಹಳ್ಳಿಯೊಂದರ ಲೂಥರನ್ ಸಭೆಯಲ್ಲಿ ಅಂಥ ಒಬ್ಬ ವೃದ್ಧೆ. ಶಾಲೆ ಕಂಡದ್ದು ಮೂರೇ ವರ್ಷ. ಪ್ರಶ್ನೋತ್ತರ ಮಾತ್ರ ಆದಿಯಿಂದ ಅಂತ್ಯದವರೆಗೆ ಬಾಯಿಪಾಠ. ಕೋಳಿ ಕೂಗುವ ಹೊತ್ತಿಗೆ ಎದ್ದು, ಮುಖ ತೊಳೆದು, ಪೂರ್ವದ ಕಿಟಕಿಯ ಬಳಿ ನಿಂತು ಕರ್ತನ ಪ್ರಾರ್ಥನೆಯನ್ನು ಹೇಳುತ್ತಾರೆ. ಬಳಿಕ ಕಸಪೊರಕೆ ಹಿಡಿದು ಅಂಗಳ ಗುಡಿಸುತ್ತ ಕೀರ್ತನೆ ಹಾಡುತ್ತಾರೆ. ಅನ್ನಕ್ಕಿಡುವಾಗ ಮೊದಲು ಒಂದು ಹಿಡಿ ಅಕ್ಕಿಯನ್ನು ಮೂಲೆಯ ಮಡಕೆಗೆ ಹಾಕುವುದು ಅವರ ನೇಮ. ಮಡಕೆ ತುಂಬಿದಾಗ ಅದು ದೇವಾಲಯಕ್ಕೆ ಕಾಣಿಕೆ. ಮನೆಯಲ್ಲಿ ಅಕ್ಕಿ ಸಾಲದೆ ಗಂಜಿ ಕಾಯಿಸಿದ ದಿನಗಳಲ್ಲೂ ಆ ಹಿಡಿ ತಪ್ಪಿದ್ದಿಲ್ಲ. ಹಿಡಿ ಚಿಕ್ಕದಾಗಿರಬಹುದು, ಅಷ್ಟೆ.

ಒಮ್ಮೆ ಮೊಮ್ಮಗ ಕೇಳಿದನಂತೆ: "ಪಾಟ್ಟಿ, ಅಕ್ಕಿಯನ್ನು ನೀನೇ ದುಡಿದು ತರುತ್ತೀಯೆ. ಮತ್ತೆ ದಿನವೂ ದೇವರ ಹತ್ತಿರ ಅನ್ನ ಕೇಳುವುದೇಕೆ?"

"ತರುವ ಕೈ ನನ್ನದಪ್ಪಾ; ಮಳೆ ನನ್ನದೆ? ಬೆಳೆದವನ ಬೆವರು ನನ್ನದೆ? ಕೇಳದೆ ಉಂಡರೆ ಎಲ್ಲವೂ ನನ್ನದೇ ಅನ್ನಿಸಿಬಿಡುತ್ತದೆ" ಎಂದರು ಅಜ್ಜಿ. ಅನ್ನದ ಬಿನ್ನಹಕ್ಕೆ ಇದಕ್ಕಿಂತ ಸರಳವಾದ ಭಾಷ್ಯ ಬೇಕೆ?

ಆದರೆ ಅನ್ನದ ಬಿನ್ನಹದ ಬೆನ್ನಿಗೇ ಬರುವ ಇನ್ನೊಂದು ಬಿನ್ನಹ ಅವರ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತನಗೆ ತಪ್ಪು ಮಾಡಿದವರನ್ನು ತಾನು ಕ್ಷಮಿಸಿದಂತೆಯೇ ತನ್ನನ್ನೂ ಕ್ಷಮಿಸಬೇಕೆಂದು ದೇವರನ್ನು ಕೋರುವ ಬಿನ್ನಹವದು. ಅವರ ತಂದೆ ಅದೇ ದೇವಾಲಯದಲ್ಲಿ, ಭೂಮಿಕಾಣಿಯಿದ್ದ ಮೇಲುಕೇರಿಯವರೆಲ್ಲರೂ ಪಾತ್ರೆಯಿಂದ ಕುಡಿದು ಎದ್ದುಹೋಗುವವರೆಗೆ ಹಿಂದೆ ಕಾದು, ಕಟ್ಟಕಡೆಗೆ ಮೊಣಕಾಲೂರುತ್ತಿದ್ದವರು. ದೇವರ ಎದುರಿಗೇ ತಲೆ ತಗ್ಗಿಸಿ ಕಾದ ತಂದೆಯ ಬೆನ್ನು ಮಗಳ ಕಣ್ಣಿನಿಂದ ಮರೆಯಾಗಿರಲಿಲ್ಲ. ಪಂಕ್ತಿಯ ಭೇದ ಕಾಲಕ್ರಮದಲ್ಲಿ ಅಳಿಯಿತು, ನೆನಪು ಅಳಿಯಲಿಲ್ಲ. ದಿನಕ್ಕೆರಡು ಬಾರಿಯಂತೆ ಎಷ್ಟೋ ವರ್ಷ ಬಾಯಿ ಆ ಮಾತನ್ನು ನುಡಿಯಿತು. ಮನಸ್ಸು ಮಾತ್ರ ಅದರ ಹೊರಗೇ ನಿಂತಿತ್ತು. ಹಾಗೆಂದು ಅವರು ಆ ಮಾತನ್ನು ಬಿಟ್ಟು ಮುಂದಕ್ಕೆ ಹೋಗಲಿಲ್ಲ. "ಸುಳ್ಳಾದರೂ ಹೇಳುತ್ತಿರುತ್ತೇನೆ, ಅದನ್ನು ನಿಜ ಮಾಡುವುದು ಅವನ ಕೆಲಸ" ಎನ್ನುತ್ತಿದ್ದರು.

ಒಂದು ಭಾನುವಾರ. ಗಂಟೆ ಬಾರಿಸಿತು; ಪಾಪನಿವೇದನೆ, ವಾಚನ, ಪ್ರಸಂಗಗಳೆಲ್ಲ ಮುಗಿದು ಜನ ಪೀಠದ ಮುಂದೆ ಸಾಲಾಗಿ ಮೊಣಕಾಲೂರಿದರು. ವೃದ್ಧೆಯ ಪಕ್ಕದಲ್ಲಿ ಊರುಗೋಲಿನ ಆಸರೆಯಿಂದ ಬಂದು ಕುಳಿತವರು ಮೇಲುಕೇರಿಯ ಹಿರಿಯರು; ಒಂದು ಕಾಲಕ್ಕೆ ಮೊದಲ ಸಾಲಿನ ಮನೆತನದವರು. ಸಭಾಪಾಲಕರು ಪಾತ್ರೆಯನ್ನು ಮೊದಲು ವೃದ್ಧೆಯ ತುಟಿಗೆ ಹಿಡಿದರು. ಬಳಿಕ ಹಿರಿಯರ ತುಟಿಗೆ. ನಡುಗುವ ಕೈಗಳಿಂದ ಪಾತ್ರೆಯನ್ನು ಹಿಡಿಯಲಾರದೆ ಹಿರಿಯರು ತಡವರಿಸಿದರು. ವೃದ್ಧೆ ಕೈನೀಡಿ ಪಾತ್ರೆಯ ಅಡಿಯನ್ನು ಹಿಡಿದರು. ಹಿರಿಯರು ಕುಡಿದರು. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಅಜ್ಜಿಯ ದನಿ ಆ ಬಿನ್ನಹದ ಬಳಿ ಎಡವಲಿಲ್ಲವೆಂಬುದನ್ನು ಗುರುತಿಸಿದವನು ಮೊಮ್ಮಗನೊಬ್ಬನೇ.

ಇದರಿಂದ ಜಾತಿಯೆಂಬ ಪಿಡುಗು ತೊಲಗಿತೆಂದು ಭಾವಿಸುವುದು ಅವಿವೇಕ. ತಮಿಳು ಇವಾಂಜೆಲಿಕಲ್ ಲೂಥರನ್ ಸಭೆ 1919ರಲ್ಲಿ ಸ್ಥಾಪನೆಯಾಯಿತು. ಆದರೆ ಅದರ ಬಿಷಪ್ ಪೀಠಕ್ಕೆ ಭಾರತೀಯರೊಬ್ಬರು, ರಾಜಾ ಮಾಣಿಕ್ಕಂ ಅವರು, ಬಂದದ್ದು 1956ರಲ್ಲಿ; ಆರೋನರಿಗೆ ಗುರುಪದವಿ ದೊರೆತು 223 ವರ್ಷಗಳಾದ ಮೇಲೆ. ಸಂಸ್ಥೆಗಳ ಹೆಜ್ಜೆ ಇಷ್ಟು ನಿಧಾನ. ಮನುಷ್ಯನ ಮನಸ್ಸಿನ ಹೆಜ್ಜೆ ಅದಕ್ಕಿಂತಲೂ ನಿಧಾನ. ಹಾಗಿರುವಾಗ ನಿತ್ಯದ ಪ್ರಾರ್ಥನೆಯ ಪ್ರಯೋಜನವೇನೆಂದು ತರುಣರು ಕೇಳಬಹುದು.

ಪ್ರಯೋಜನ ಇಷ್ಟೆ: ಮನಸ್ಸು ಒಪ್ಪದಿರುವಾಗಲೂ ನಾಲಗೆಯ ಮೇಲಿದ್ದ ಮಾತು, ಮನಸ್ಸು ಸಿದ್ಧವಾದ ಕ್ಷಣದಲ್ಲಿ ಕೈಗೆ ಇಳಿಯುತ್ತದೆ. ಹಿಡಿಹಿಡಿಯಾಗಿ ಹಾಕಿದ ಅಕ್ಕಿ ಮಡಕೆಯನ್ನು ತುಂಬುವಂತೆ ದಿನದಿನದ ನೇಮ ಮನುಷ್ಯನನ್ನು ತುಂಬುತ್ತದೆ. ಆ ಕ್ಷಣ ಎಂದು ಬರುವುದೆಂದು ಯಾರೂ ಅರಿಯರು. ಅದು ಬಂದಾಗ ನೀಡುವ ಕೈ ಮಾತ್ರ ಅಭ್ಯಾಸದಿಂದ ಸಿದ್ಧವಾಗಿರಬೇಕು. ಉಪಾಸನೆ ಮಂದಿರದಲ್ಲಿ ಮುಗಿಯುವುದೋ ಮನೆಯಲ್ಲಿ ಮುಂದುವರಿಯುವುದೋ ಎಂಬ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಅರಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರು ಯಾರು, ಅವರ ಕೈ ನಡುಗುವಾಗ ಏನು ಮಾಡಬೇಕು ಎಂಬುದನ್ನು ಅರಿತ ಬದುಕಿನಲ್ಲೇ ಆ ಉತ್ತರ ಅಡಗಿದೆ.