ಮಗಳು ಬಿಟ್ಟುಹೋದ ಹಾಳೆಗಳು

ಸೊಸೆಯ ಓದುಬರಹ ಅತ್ತೆಗೆ ಹಿಡಿಸದ ಕಥೆಗಳು ನಮಗೆ ಹೊಸತಲ್ಲ. ನಾನೀಗ ಹೇಳಹೊರಟಿರುವ ಅತ್ತೆ–ಸೊಸೆಯರು ಮಾತ್ರ ದೂರದವರು. ಸುಮಾರು 400 ವರ್ಷಗಳ ಹಿಂದೆ, ಚೀನಾದ ಸುಝೌ ನಗರದ ಹತ್ತಿರದ ವುಜಿಯಾಂಗ್‌ನಲ್ಲಿ ಬಾಳಿದವರು. ಮಿಂಗ್ ಅರಸರ ಕೊನೆಗಾಲ ಅದು.

ಸೊಸೆಯ ಹೆಸರು ಶೆನ್ ಯಿಶಿಯು (1590–1635). ಸಾಹಿತಿಗಳ ಮನೆತನದಲ್ಲಿ ಹುಟ್ಟಿದವಳು. 1605ರಲ್ಲಿ ಯೆ ಶಾವ್‌ಯುವಾನ್ ಎಂಬ ತರುಣನ ಕೈಹಿಡಿದು ಬಂದಳು. ಸೊಸೆ ಕವಿತೆ ಬರೆಯುತ್ತಾ ಕುಳಿತರೆ ಮಗನ ಓದು ಕೆಡುತ್ತದೆಂದು ಅತ್ತೆಗೆ ಭಯ. ಬರೆಯಬೇಡ ಎಂದಳು. ಆ ಅತ್ತೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಅರಮನೆಯ ಪರೀಕ್ಷೆಯಲ್ಲಿ ಗೆದ್ದರೆ ಅಧಿಕಾರಿಯ ಕೆಲಸ. ಮನೆಯ ಮಾನವೆಲ್ಲ ಅದರ ಮೇಲೆ ನಿಂತಿತ್ತು. ಮಗ ಗೆದ್ದದ್ದು 1625ರಲ್ಲಿ, ಮದುವೆಯಾಗಿ 20 ವರ್ಷಗಳ ಮೇಲೆ!

ಅಷ್ಟರಲ್ಲಿ ಮನೆತುಂಬ ಮಕ್ಕಳು. ಅವರಿಗೆ ತಾಯಿಯೇ ಮೊದಲ ಗುರು. ವಾನ್‌ವಾನ್, ಶಿಯಾವ್‌ವಾನ್, ಶಿಯಾವ್‌ಲುವಾನ್ ಎಂಬ ಮೂವರು ಹೆಣ್ಣುಮಕ್ಕಳೂ ಕವಿತೆ ಕಟ್ಟಿದರು. ತಾಯಿ ಬರೆದದ್ದಕ್ಕೆ ಮಗಳ ಉತ್ತರ, ಅಕ್ಕ ಬರೆದದ್ದಕ್ಕೆ ತಂಗಿಯ ಉತ್ತರ. ಮದುವೆಯಾಗಿ ಹೋದ ವಾನ್‌ವಾನ್‌ಗೆ ಗಂಡನ ಮನೆಯಲ್ಲಿ ಸುಖವಿರಲಿಲ್ಲ. ತವರಿನೊಡನೆ ಅವಳನ್ನು ಬೆಸೆದಿದ್ದ ದಾರಗಳಲ್ಲಿ ಈ ಕವಿತೆಗಳೂ ಒಂದು.

1632ರಲ್ಲಿ ಶಿಯಾವ್‌ಲುವಾನ್‌ಗೆ ಮದುವೆ ಗೊತ್ತಾಯಿತು. ಇನ್ನು ಐದೇ ದಿನ ಇರುವಾಗ ಅವಳು ಕಾಯಿಲೆಯಿಂದ ತೀರಿಕೊಂಡಳು. ಇನ್ನೂ ಹದಿನಾರು, ಹದಿನೇಳರ ಹುಡುಗಿ. ತಂಗಿಗಾಗಿ ಅಳಲು ಬಂದ ವಾನ್‌ವಾನ್ ಮೂರು ತಿಂಗಳು ತುಂಬುವ ಮೊದಲೇ ತಾನೂ ಹೋದಳು. ತಾಯಿ ಎದೆಯಲ್ಲೇ ದುಃಖ ಇಟ್ಟುಕೊಂಡು, ತನ್ನ ಕಾಲದ ಇತರ ಹೆಂಗಸರ ಕವಿತೆಗಳನ್ನೂ ಒಟ್ಟುಮಾಡತೊಡಗಿದಳು. 1635ರಲ್ಲಿ ಅವಳೂ ಕಣ್ಣುಮುಚ್ಚಿದಳು.

ಹೆಣ್ಣಿಗೆ ಪ್ರತಿಭೆ ಇಲ್ಲದಿರುವುದೇ ಸದ್ಗುಣ ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದ್ದ ಕಾಲ. ತಾವು ಬರೆದದ್ದನ್ನು ತಾವೇ ಸುಟ್ಟ ಹೆಂಗಸರೂ ಇದ್ದರು. ಆದರೆ ಈ ತಂದೆ ಹೆಂಡತಿ, ಮಕ್ಕಳ ಹಾಳೆಗಳನ್ನೆಲ್ಲ ಹುಡುಕಿ ತೆಗೆದ. 1636ರಲ್ಲಿ ಮರದ ಹಲಗೆಗಳ ಮೇಲೆ ಅಕ್ಷರ ಕೆತ್ತಿಸಿ ಪುಸ್ತಕವಾಗಿ ಅಚ್ಚುಹಾಕಿಸಿದ. ನಾವಿಂದು ಆ ಹೆಣ್ಣುಮಕ್ಕಳ ಹೆಸರು ಹೇಳುತ್ತಿರುವುದು ಅದರಿಂದ.

ನನ್ನ ಅಜ್ಜಿಯದೂ ಒಂದು ನೋಟು ಪುಸ್ತಕ ಇದೆ. ಅಕ್ಕಿಯ ಲೆಕ್ಕ, ಹೆತ್ತ ಮಕ್ಕಳ ಹುಟ್ಟಿದ ದಿನ, ನಡುವೆ ಅವರೇ ಕಟ್ಟಿದ ಎರಡು ಜೋಗುಳ. ಹಳೆ ಪೇಪರಿನ ಜೊತೆ ಅದನ್ನು ತೂಕಕ್ಕೆ ಹಾಕದೆ ಟ್ರಂಕಿನಲ್ಲಿ ಇಟ್ಟವರು ನನ್ನ ಅಪ್ಪ. ಚೀನಾದ ಆ ತಂದೆ ನನಗೆ ಹತ್ತಿರದವನೆನಿಸಲು ಇದೇ ಕಾರಣವಿರಬೇಕು.

ಅಕ್ಕ–ತಂಗಿ ಇಬ್ಬರನ್ನೂ ಕಳೆದುಕೊಂಡು ಉಳಿದವಳು ನಡುವಿನವಳು, ಶಿಯಾವ್‌ವಾನ್. ಅವಳೊಂದು ನಾಟಕ ಬರೆದಳು. ಅದರಲ್ಲಿ ಸೋದರಿಯರಿಲ್ಲ, ಮೂವರು ಗಂಡಸರು, ಜೀವದ ಗೆಳೆಯರು. ಇಬ್ಬರು ಸಾಯುತ್ತಾರೆ. ಮೂರನೆಯವನು ಮನೆ ಬಿಟ್ಟು, ಯಾಕೆ ಹೀಗಾಯಿತೆಂದು ಕೇಳುತ್ತಾ ಹೊರಡುತ್ತಾನೆ. ಆ ನಾಟಕವನ್ನೂ ತಂದೆ ಮನೆಯವರ ಪುಸ್ತಕದೊಳಗೆ ಸೇರಿಸಿದ.