ಸವದತ್ತಿಯ ಗುಡ್ಡವೂ ರಡಾರಿನ ಕಣ್ಣೂ

ಕಿತ್ತೂರಿನಿಂದ ಬೈಲಹೊಂಗಲದ ಎರೆಯ ಬಯಲನ್ನು ದಾಟಿ ಸವದತ್ತಿಗೆ ಬಂದವರು ಎಲ್ಲಮ್ಮನ ಗುಡ್ಡವನ್ನೂ, ಮಲಪ್ರಭೆಯು ಬೆಟ್ಟವನ್ನು ಸೀಳಿ ರಾಮದುರ್ಗದತ್ತ ಹರಿಯುವ ನವಿಲುತೀರ್ಥವನ್ನೂ ನೋಡದೆ ಹಿಂದಿರುಗಲಾರರು. ಕಣ್ಣಿಗೆ ಹಬ್ಬವಾದ ಈ ಏರುತಗ್ಗು ರಡಾರಿಗೆ ಮಾತ್ರ ತೊಡಕು. ವಿಮಾನವು ಒಂದು ಪಕ್ಕಕ್ಕೆ ರೇಡಿಯೋ ಅಲೆಗಳನ್ನೆಸೆದು ಚಿತ್ರವನ್ನು ತೆಗೆಯುವಾಗ, ಇದಿರಾದ ಇಳಿಜಾರು ಕುಗ್ಗಿ ಬೆಳ್ಳಗೆ ಹೊಳೆಯುವುದು. ಬೆನ್ನಿನ ಇಳಿಜಾರು ಕಪ್ಪಾಗುವುದು. ಹಸಿ ನೆಲವೂ ಹಾಗೆಯೇ ಹೊಳೆಯುವುದರಿಂದ, ಒಂದೇ ಹದದ ಹೊಲವು ಈಚೆ ನೆನೆದಂತೆ, ಆಚೆ ಒಣಗಿದಂತೆ ತೋರುವುದು! ಇದನ್ನು ನಂಬಿ ಬರಗಾಲದ ಲೆಕ್ಕವನ್ನು ಬರೆದರೆ ಒಕ್ಕಲಿಗನ ಗತಿಯೇನು?

ಆದುದರಿಂದ ಬಲ್ಲವರು ಬಯಲಿನಲ್ಲಿ ಮೂರು ಮುಖದ ಲೋಹದ ಮೂಲೆಯನ್ನಿಟ್ಟು, ಅದರ ತಿಳಿದ ಹೊಳಪಿಗೆ ಚಿತ್ರವನ್ನು ಸರಿಹೊಂದಿಸುವರು. ಬಳಿಕ ಇಳಿಜಾರಿನ ಓರೆಯನ್ನು ಗಣಿತದಿಂದ ಕಳೆಯುವರು. ಅದಕ್ಕೆ ಬೇಕಾದ ನೆಲದ ಎತ್ತರಗಳನ್ನು 2000ನೆಯ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಂತರಿಕ್ಷನೌಕೆಯು 11 ದಿನಗಳ ಯಾನದಲ್ಲಿ ಅಳೆಯಿತು. ಪೂರಾ ನೆರಳಿನಲ್ಲಿ ಅಡಗಿದ ಕಣಿವೆಗೆ ಯಾವ ಗಣಿತವೂ ಸಾಲದು; ಮತ್ತೊಂದು ಪಕ್ಕದಿಂದ ಮರಳಿ ಹಾರಲೇಬೇಕು.