ಹುಂಜದ ನಾಣ್ಯ

ನಮ್ಮ ಅಜ್ಜಿಯ ಎಲೆಯಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲೇ, ಒಂದು ಚಿನ್ನದ ನಾಣ್ಯವಿತ್ತು. ಒಂದು ಮುಖದಲ್ಲಿ ಹೆಣ್ಣಿನ ತಲೆ, ಇನ್ನೊಂದರಲ್ಲಿ ಎದೆಯುಬ್ಬಿಸಿ ನಿಂತ ಹುಂಜ; ಇಸವಿ 1910. ಅಜ್ಜಿಯ ತಾತ ಮೈಸೂರು ಲ್ಯಾನ್ಸರ್ಸ್ ಕುದುರೆದಳದೊಡನೆ 1918ರ ಹೈಫಾ ಕಾಳಗಕ್ಕೆ ಹೋಗಿದ್ದಾಗ ತಂದದ್ದೆಂದು ಮನೆಯ ಮಾತು. ಅದು ಫ್ರಾನ್ಸಿನ 20 ಫ್ರಾಂಕಿನ ನಾಣ್ಯ.

ಹೋದ ವರ್ಷ ತಂಗಿಯ ಕಾಲೇಜಿಗೆ ಹಣ ಕಟ್ಟುವ ಗಡುವು ಬಂದಾಗ ಅಜ್ಜಿ ಅದನ್ನು ನನ್ನ ಕೈಗಿಟ್ಟು, "ನೂರು ವರ್ಷದ್ದು ಕಣೋ ಮಗಾ, ಮೋಸ ಹೋಗಬೇಡ" ಎಂದರು. ಬಸ್ಸಿನಲ್ಲಿ ಕುಳಿತು ನಾನು ಲಕ್ಷಗಳ ಲೆಕ್ಕ ಹಾಕಿದೆ. ತಂಗಿಯ ಫೀಸು, ಸೋರುವ ಮಾಡಿಗೆ ಹೊಸ ಹಂಚು. ಮಿಕ್ಕಿದ್ದರಲ್ಲಿ ನನಗೂ ಏನಾದರೊಂದು!

ಅಂಗಡಿಯವರು ಒರೆಗಲ್ಲಿಗೆ ಉಜ್ಜಿ ತಕ್ಕಡಿಗೆ ಹಾಕಿದರು. ತೂಕ 6.45 ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಚಿನ್ನ. "ಚಿನ್ನದ ಬೆಲೆ ಕೊಡುತ್ತೇನೆ ತಮ್ಮಾ. ಅದರಲ್ಲೂ ಕರಗಿಸುವ ಸವಕಳಿ ಕಳೆಯಬೇಕು. ಹುಂಜಕ್ಕೆ ಬೆಲೆಯಿಲ್ಲ" ಎಂದರು. ನಾನು ಸಿಟ್ಟಿನಿಂದ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು ಬಂದೆ.

ಆ ಸಿಟ್ಟೇ ನನ್ನನ್ನು ಓದಿಗೆ ಹಚ್ಚಿತು. ನೋಡಿದರೆ, ಯೂರೋಪಿನಲ್ಲಿಯೂ ಹುಂಜಕ್ಕೆ ಹೆಚ್ಚಿನ ಮರ್ಯಾದೆಯಿಲ್ಲ. ಒಳಗಿನ ಚಿನ್ನದ ಬೆಲೆಯ ಮೇಲೆ ಕೊಡುವ ಹೆಚ್ಚುವರಿಗೆ ಪ್ರೀಮಿಯಂ ಎನ್ನುತ್ತಾರಷ್ಟೆ. ಅದು ಇಂಥ ನಾಣ್ಯಗಳಿಗೆ ತೀರ ಅಲ್ಪ. ಹಳೆಯದೆಲ್ಲ ಅಪರೂಪವೆಂದು ನಾವು ತಿಳಿದಿದ್ದೇ ತಪ್ಪು. 1865ರಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಒಪ್ಪಂದ ಮಾಡಿಕೊಂಡು ಇದೇ ತೂಕದ, ಇದೇ ಮಟ್ಟದ ನಾಣ್ಯಗಳನ್ನು ಟಂಕಿಸತೊಡಗಿದವು. ನಮ್ಮ ಹುಂಜದ ಬಗೆಯದೇ ಹತ್ತು ಕೋಟಿಗೆ ಮೀರಿ ಹೊರಬಂತು. 1914ರ ಯುದ್ಧದಲ್ಲಿ ಜನ ಅವನ್ನು ಬಚ್ಚಿಟ್ಟರು. ಬಳಸದ ನಾಣ್ಯ ಸವೆಯುವುದೆಲ್ಲಿ ಬಂತು? ಸಾಲದುದಕ್ಕೆ 1951ರಿಂದ 1960ರವರೆಗೆ ಫ್ರಾನ್ಸಿನವರು ಹಳೆಯ ಇಸವಿಯನ್ನೇ ಹಾಕಿ ಮತ್ತಷ್ಟು ಅಚ್ಚು ಹಾಕಿದರು! ಹೊಸ ನಾಣ್ಯ ಕೊಳ್ಳುವವನು ಟಂಕಸಾಲೆಯ ಖರ್ಚನ್ನೂ ನಡುವಿನವರ ಲಾಭವನ್ನೂ ತೆರಬೇಕು. ಹಳೆಯದರ ಖರ್ಚು ಮುತ್ತಾತಂದಿರ ಕಾಲಕ್ಕೇ ತೀರಿದೆ. ಹಿರಿಯರು ಸತ್ತಾಗಲೆಲ್ಲ ಮಕ್ಕಳು ಹಿಡಿಗಟ್ಟಲೆ ತಂದು ಮಾರುತ್ತಾರೆ. ಸಂಗ್ರಾಹಕರಿಗೋ ಅಪರೂಪದ ಇಸವಿ ಬೇಕು, 1910 ಅಂಥದ್ದಲ್ಲ.

ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. 1928ರಲ್ಲಿ ಫ್ರಾನ್ಸ್ ಕಾಗದದ ಫ್ರಾಂಕಿಗೆ ಹೊಸ ಬೆಲೆ ಕಟ್ಟಿದಾಗ ಅದು ಹಳೆಯದರ ಐದನೆಯ ಒಂದು ಪಾಲಾಗಿತ್ತು. ತಾತ ಅಂದು 20 ಫ್ರಾಂಕಿನ ನೋಟು ತಂದಿದ್ದರೆ ಅಂಗಡಿಯವರು ತೂಗುತ್ತಲೂ ಇರಲಿಲ್ಲ.

ಗಡುವಿಗೆ ಎರಡೇ ದಿನ ಉಳಿದಿತ್ತು. ಅದೇ ಅಂಗಡಿಗೆ ಮತ್ತೆ ಹೋದೆ. ಅವರು ಹೇಳಿದ ಬೆಲೆಗೆ ಈ ಸಲ ಚೌಕಾಸಿ ಮಾಡಲಿಲ್ಲ. ಫೀಸಿಗೆ ಸಾಕಾಯಿತು, ಹಂಚಿಗೆ ಸಾಲಲಿಲ್ಲ.

ರಾತ್ರಿ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ಹುಂಜವನ್ನ ಏನು ಮಾಡಿದರೋ?" ಎಂದು ಕೇಳಿದರು.

"ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರಜ್ಜಿ" ಎಂದೆ.